ಕಪಾಲಿ ಹತ್ರ ಇಳಿಸಿ ಅಂದ್ರೆ ಈಗಲೂ ಇಳಿಸ್ತಾರೆ

ಬೆಂಗಳೂರಿನ ಆಟೋದವರಿಗೆ "ಕಪಾಲಿ ಹತ್ರ" ಅಂದರೆ ಸಾಕು, ಮರುಮಾತಿಲ್ಲದೆ ಸುಬೇದಾರ್ ಛತ್ರಂ ರಸ್ತೆಗೆ ಕರೆದುಕೊಂಡು ಹೋಗುತ್ತಾರೆ. ಕಪಾಲಿ ಥಿಯೇಟರ್ ಮುಚ್ಚಿದ್ದು 2017ರಲ್ಲಿ. ಆಮೇಲೆ ಕೆಡವಿದರು, ನೆಲ ಅಗೆದರು, ಅಲ್ಲಿ ಬೇರೆ ಕಟ್ಟಡವೇ ಎದ್ದಿತು. ಆದರೂ ದಾರಿ ಹೇಳುವಾಗ ಜನ ಇಲ್ಲದ ಥಿಯೇಟರನ್ನೇ ಗುರುತಾಗಿ ಹೇಳುತ್ತಾರೆ. ಈ ಊರಿನ ಅಭ್ಯಾಸವೇ ಅದು. ಬಸ್ಸಿನ ಬೋರ್ಡಿನಲ್ಲಿ ದಿನಾ ಮೆಜೆಸ್ಟಿಕ್ ಅಂತ ಓದುವವರಲ್ಲಿ, ಅದು ಕೆಂಪೇಗೌಡ ರಸ್ತೆಯ ಕಡೆ ಇದ್ದ ಒಂದು ಟಾಕೀಸಿನ ಹೆಸರು ಅಂತ ಎಷ್ಟು ಜನಕ್ಕೆ ಗೊತ್ತೋ! ಮಿನರ್ವ ಸರ್ಕಲ್ಲಿನದೂ ಇದೇ ಕಥೆ. ಮಿನರ್ವ ಟಾಕೀಸು ಹೋಯಿತು, ಸರ್ಕಲ್ಲು ಉಳಿಯಿತು.

ಕಪಾಲಿ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಹಳೇ ಥಿಯೇಟರ್ ಅಂದ ಕೂಡಲೇ ಎಲ್ಲರೂ "ಆಹಾ ಆ ಕಾಲ" ಅಂತ ಶುರು ಮಾಡುತ್ತಾರೆ. ನನಗೂ ಆ ಆಸೆ ಇದೆ, ಸುಳ್ಳು ಹೇಳಲ್ಲ. ಆದರೆ ಹಾಗೆ ಬರೆದರೆ ಒಂದು ಮುಖ್ಯವಾದ ವಿಷಯ ತಪ್ಪಿಹೋಗುತ್ತದೆ. ಕಪಾಲಿ ಸುಮ್ನೆ ಸಿನಿಮಾ ನೋಡುವ ಜಾಗ ಆಗಿರಲಿಲ್ಲ. ಒಂದು ಸಿನಿಮಾ ಗೆದ್ದಿತೋ ಸೋತಿತೋ ಅಂತ ಇಡೀ ಕರ್ನಾಟಕ ತೀರ್ಮಾನ ಮಾಡುತ್ತಿದ್ದ ಕೆಲವೇ ಬಾಗಿಲುಗಳಲ್ಲಿ ಅದೂ ಒಂದು. ಆ ತೀರ್ಮಾನ ಎಲ್ಲರ ಕಣ್ಣೆದುರು, ರಸ್ತೆಯಲ್ಲೇ ಆಗುತ್ತಿತ್ತು.

ಮೊದಲು ಸ್ವಲ್ಪ ಇತಿಹಾಸ. ಕಪಾಲಿ ಶುರುವಾಗಿದ್ದು 1968ರಲ್ಲಿ. ಉದ್ಘಾಟನೆ ಮಾಡಿದವರು ಆಗಿನ ಉಪಪ್ರಧಾನಿ ಮೊರಾರ್ಜಿ ದೇಸಾಯಿ. ಸಿನಿಮಾ ಥಿಯೇಟರ್ ಉದ್ಘಾಟನೆಗೆ ದೇಶದ ಉಪಪ್ರಧಾನಿ! ಅದೂ ಮೊರಾರ್ಜಿಯವರಂಥ ಕಟ್ಟುನಿಟ್ಟಿನ ಮನುಷ್ಯ. ಇವತ್ತು ಯೋಚನೆ ಮಾಡಿದರೆ ನಗು ಬರುತ್ತದೆ. ಆದರೆ ಆಗ ಅದು ಊರಿಗೇ ದೊಡ್ಡ ಸಂಗತಿ. ಒಳಗೆ 1,400ಕ್ಕೂ ಜಾಸ್ತಿ ಸೀಟು. ಅದಕ್ಕಿಂತ ದೊಡ್ಡ ಹೆಮ್ಮೆ ಅಂದರೆ ಸಿನೆರಾಮ ಪರದೆ.

ಸಿನೆರಾಮ ಅಂದರೆ ಏನು ಅಂತ ಈಗಿನವರಿಗೆ ಹೇಳಬೇಕಾಗುತ್ತದೆ. ಅಮೆರಿಕದಲ್ಲಿ 1952ರಲ್ಲಿ ಬಂದ ಪದ್ಧತಿ ಅದು. ಮನೆಮನೆಗೆ ಟಿವಿ ಬಂದು ಥಿಯೇಟರ್ ಖಾಲಿ ಆಗುತ್ತಿದ್ದಾಗ, ಜನರನ್ನು ವಾಪಸ್ ಕರೆಸಲು ಅಲ್ಲಿನವರು ಹೂಡಿದ ಉಪಾಯಗಳಲ್ಲಿ ಒಂದು. ಮೂರು ಪ್ರೊಜೆಕ್ಟರು ಒಟ್ಟಿಗೆ ಓಡಬೇಕು. ಒಂದು ಎಡಕ್ಕೆ, ಒಂದು ನಡುವಿಗೆ, ಒಂದು ಬಲಕ್ಕೆ. ಮೂರೂ ಚಿತ್ರ ಸೇರಿ ಒಂದೇ ಅಗಲವಾದ ದೃಶ್ಯ ಆಗಬೇಕು. ಅದಕ್ಕೆ ಪರದೆ ಚಪ್ಪಟೆ ಇದ್ದರೆ ಆಗುವುದಿಲ್ಲ. ಒಳಕ್ಕೆ ಬಾಗಿರಬೇಕು, ನೋಡುವವನನ್ನು ಎರಡೂ ಕಡೆಯಿಂದ ಬಳಸಿಕೊಳ್ಳುವ ಹಾಗೆ. ಮೂರು ಪ್ರೊಜೆಕ್ಟರ್ ಸಂಭಾಳಿಸುವುದು ಮಹಾ ಕಷ್ಟ ಮತ್ತು ಖರ್ಚಿನ ಕೆಲಸ ಅಂತ ಗೊತ್ತಾಗಿ ಅರವತ್ತರ ದಶಕದಲ್ಲಿ ಸಿನೆರಾಮದವರೇ 70 ಎಂಎಂ ಫಿಲ್ಮಿನ ಒಂದೇ ಪ್ರೊಜೆಕ್ಟರಿಗೆ ಬಂದರು. ಬಾಗಿದ ಪರದೆ ಮಾತ್ರ ಹಾಗೇ ಉಳಿಯಿತು.

ಕಪಾಲಿಯ ಪರದೆ ಏಷ್ಯಾಕ್ಕೇ ದೊಡ್ಡದು ಅಂತ ಒಬ್ಬರು, ಪ್ರಪಂಚದಲ್ಲಿ ಮೂರನೆಯದು ಅಂತ ಇನ್ನೊಬ್ಬರು. ನಮ್ಮ ಸೋದರಮಾವ ಬಿನ್ನಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು, ಅವರ ಲೆಕ್ಕದಲ್ಲಿ ಅದು ಪ್ರಪಂಚಕ್ಕೇ ಒಂದನೆಯದು, ಚರ್ಚೆಗೆ ಅವಕಾಶವೇ ಇಲ್ಲ. ಬೇರೆ ಊರಿಂದ ಬಂದ ನೆಂಟರಿಗೆ ಬೆಂಗಳೂರು ತೋರಿಸುವಾಗ ವಿಧಾನಸೌಧ, ಲಾಲ್‌ಬಾಗ್, ಕಪಾಲಿ, ಈ ಮೂರೂ ಅವರ ಪಟ್ಟಿಯಲ್ಲಿ ಇದ್ದೇ ಇರುತ್ತಿದ್ದವು. ಎಷ್ಟೋ ಸಲ ಯಾವ ಸಿನಿಮಾ ಅಂತಲೂ ಕೇಳುತ್ತಿರಲಿಲ್ಲ. ಪರದೆ ತೋರಿಸುವುದೇ ಮುಖ್ಯ.

ನಾನು ಮೊದಲು ಹೋಗಿದ್ದೂ ಹಾಗೇ, ಬೇಸಿಗೆ ರಜೆಯಲ್ಲಿ ಕುಣಿಗಲ್‌ನಿಂದ ಬಂದವನು ಮಾವನ ಹಿಂದೆ. ಸಿನಿಮಾಕ್ಕಿಂತ ನನಗೆ ಟಿಕೆಟ್ ತಗೊಂಡಿದ್ದೇ ಚೆನ್ನಾಗಿ ನೆನಪಿದೆ. ಆಗಿನ ಕೌಂಟರ್ ಅಂದರೆ ಈಗಿನ ಗಾಜಿನ ಕಿಟಕಿ ಅಲ್ಲ. ಒಬ್ಬನೇ ನಿಲ್ಲುವಷ್ಟು ಅಗಲದ ಸಾಲು, ಎರಡೂ ಕಡೆ ಕಬ್ಬಿಣದ ಕಂಬಿ, ಕೊನೆಗೆ ಗೋಡೆಯಲ್ಲಿ ಒಂದು ತೂತು. ತೂತು ಎಷ್ಟಿತ್ತು ಅಂದರೆ ಒಂದು ಕೈ ಸಲೀಸಾಗಿ, ಎರಡು ಕೈ ಒತ್ತಿಕೊಂಡು, ಮೂರು ಕೈ ತರಚಿಕೊಂಡು ಹೋಗುತ್ತಿದ್ದವು. ಒಳಗಿರುವವನ ಮುಖ ಕಾಣುತ್ತಿರಲಿಲ್ಲ. ಮುಷ್ಟಿಯಲ್ಲಿ ದುಡ್ಡು ಹಿಡಿದು ಕೈ ಒಳಗೆ ಬಿಟ್ಟು "ಮೂರು!" ಅಂತ ಕೂಗಬೇಕು. ಒಳಗೆ ಯಾರೋ ನಮ್ಮ ಬೆರಳು ಬಿಡಿಸಿ ದುಡ್ಡು ತಗೊಂಡು, ಟಿಕೆಟ್ಟೂ ಚಿಲ್ಲರೆಯೂ ಅಂಗೈಗೆ ಇಟ್ಟು, ಬೆರಳು ಮಡಚಿ ಹೊರಗೆ ತಳ್ಳುತ್ತಿದ್ದರು. "ಲೇ, ಮುಷ್ಟಿ ಗಟ್ಟಿಯಾಗಿ ಹಿಡ್ಕೋ, ಹೊರಗೆ ಬರೋವರ್ಗೂ ಬಿಡಬೇಡ" ಅಂತ ಮಾವ ಹಿಂದಿನಿಂದ ಕೂಗುತ್ತಿದ್ದರು. ಟಿಕೆಟ್ ಅಂದರೆ ಒರಟಾದ ಬಣ್ಣದ ಕಾಗದ, ಬೆವರಿಗೆ ಬಣ್ಣ ಬಿಟ್ಟು ಅಂಗೈಯೆಲ್ಲಾ ಗುಲಾಬಿ. ಹೆಂಗಸರಿಗೆ ಬೇರೆ ಸಾಲು ಇರುತ್ತಿದ್ದುದರಿಂದ ರಶ್ಶಿದ್ದ ದಿನ ಅತ್ತೆಯನ್ನು ಮುಂದೆ ಬಿಡುವುದು ಮಾವನ ಇನ್ನೊಂದು ತಂತ್ರ. ಅತ್ತೆಗೆ ಸಿನಿಮಾ ಅಷ್ಟೇನೂ ಇಷ್ಟವಿರಲಿಲ್ಲ, ಆದರೂ ಬರುತ್ತಿದ್ದರು. ಟಿಕೆಟ್ ಕೊಡಿಸಿದ್ದು ತಾನು ಅನ್ನುವ ಮಾತು ಮನೆಯಲ್ಲಿ ಆಮೇಲೆ ತಿಂಗಳುಗಟ್ಟಲೆ ಉಪಯೋಗಕ್ಕೆ ಬರುತ್ತಿತ್ತು.

ಒಳಗೆ ಹೋದ ಮೇಲೆ ಆ ಪರದೆ. ಮುಂದಿನ ಸಾಲಿನಲ್ಲಿ, ಅದೂ ಪಕ್ಕದ ಸೀಟು ಸಿಕ್ಕರೆ ಇನ್ನೂ ಮಜಾ. ಮಾಮೂಲಿ ಸಿನಿಮಾವನ್ನು ಬಾಗಿದ ಪರದೆ ಮೇಲೆ ಬಿಟ್ಟಾಗ ನೇರವಾದ ಗೆರೆಗಳೆಲ್ಲ ಸ್ವಲ್ಪ ಬಗ್ಗುತ್ತವೆ. ಹೀರೋ ಬಲಗಡೆಯಿಂದ ಎಡಗಡೆಗೆ ಓಡಿದರೆ ನಮ್ಮನ್ನೇ ಒಂದು ಸುತ್ತು ಹಾಕಿಕೊಂಡು ಹೋದ ಹಾಗೆ ಅನಿಸುತ್ತಿತ್ತು. ಫೈಟಿಂಗ್ ಬಂದರಂತೂ ಕೇಳಲೇಬೇಡಿ.

ಇಷ್ಟು ದೊಡ್ಡ ಥಿಯೇಟರ್ ಅಲ್ಲೇ ಯಾಕೆ ಬಂತು ಅಂತ ಕೇಳಿದರೆ ಉತ್ತರ ಆ ಜಾಗದಲ್ಲೇ ಇದೆ. ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೆರೆ ಬತ್ತಿ ಮೈದಾನ ಆಯಿತು, ಮೈದಾನ ಬಸ್ ಸ್ಟ್ಯಾಂಡ್ ಆಯಿತು, ಎದುರಿಗೆ ರೈಲ್ವೆ ಸ್ಟೇಷನ್ ಮೊದಲಿಂದಲೂ ಇತ್ತು. ಊರಿಗೆ ಬರುವ ಎಲ್ಲರೂ ಅಲ್ಲೇ ಇಳಿಯಬೇಕು, ಹೋಗುವ ಎಲ್ಲರೂ ಅಲ್ಲೇ ಹತ್ತಬೇಕು. ರಾತ್ರಿ ಬಸ್ಸಿಗೆ ಮೂರು ಗಂಟೆ ಹೊತ್ತಿದ್ದರೆ ಏನು ಮಾಡುತ್ತೀರಿ? ಕೋರ್ಟು ಕಚೇರಿ ಕೆಲಸಕ್ಕೆ ಬಂದು, ಮಧ್ಯಾಹ್ನವೇ ಕೆಲಸ ಮುಗಿದವನು ಏನು ಮಾಡುತ್ತಾನೆ? ಮ್ಯಾಟಿನಿ. ಹಾಗಾಗಿ ಅರ್ಧ ಗಂಟೆಯಲ್ಲಿ ನಡೆದು ಮುಗಿಸಬಹುದಾದ ಜಾಗದಲ್ಲಿ ಮೆಜೆಸ್ಟಿಕ್, ಸಾಗರ್, ಕೆಂಪೇಗೌಡ, ಹಿಮಾಲಯ, ಗೀತಾ, ಅಲಂಕಾರ್, ತ್ರಿಭುವನ್, ಕೈಲಾಶ್, ಸಂತೋಷ್, ನರ್ತಕಿ, ಸಪ್ನ, ತ್ರಿವೇಣಿ, ಅನುಪಮ, ಮೇನಕ, ಹೀಗೆ ಒಂದರ ಪಕ್ಕ ಒಂದು ಥಿಯೇಟರು. ಒಂದರಲ್ಲಿ ಹೌಸ್‌ಫುಲ್ ಬೋರ್ಡು ನೇತು ಹಾಕಿದ್ದರೆ ಪಕ್ಕದ್ದಕ್ಕೆ ನುಗ್ಗಬಹುದಿತ್ತು. ಅದೂ ಇಲ್ಲದಿದ್ದರೆ ನಿಮ್ಮನ್ನು ನೋಡದ ಹಾಗೆ ನಟಿಸುತ್ತಾ "ಬಾಲ್ಕನಿ, ಬಾಲ್ಕನಿ" ಅಂತ ಗೊಣಗುತ್ತಾ ಓಡಾಡುವ ಬ್ಲಾಕ್ ಟಿಕೆಟ್‌ನವರು.

ಕನ್ನಡ ಟಾಕಿ ಹುಟ್ಟಿದ್ದು ಮಾತ್ರ ಇಲ್ಲಲ್ಲ. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬಿಡುಗಡೆ ಆಗಿದ್ದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ. ಅದೇ ಆಮೇಲೆ ಪರಿಮಳ ಟಾಕೀಸ್ ಆಯಿತು, ಆಮೇಲೆ ಅದೂ ಇಲ್ಲ. ಅಲ್ಲಿಂದ ಸಿನಿಮಾದ ಕೇಂದ್ರ ನಿಧಾನವಾಗಿ ಬಸ್ ಸ್ಟ್ಯಾಂಡಿನ ಕಡೆ ಸರಿಯಿತು. ಹಂಚಿಕೆದಾರರ ಆಫೀಸುಗಳು ಗಾಂಧಿನಗರದ ಗಲ್ಲಿಗಳಲ್ಲಿ ತುಂಬಿಕೊಂಡವು. ಕೊನೆಗೆ ಗಾಂಧಿನಗರ ಅಂದರೆ ಕನ್ನಡ ಚಿತ್ರರಂಗ ಅನ್ನುವಷ್ಟಾಯಿತು.

ಆ ಗಾಂಧಿನಗರದ ಭಾಷೆಯಲ್ಲಿ "ಮೈನ್ ಥಿಯೇಟರ್" ಅಂತ ಒಂದು ಪದ ಇತ್ತು. ರಾಜ್ಯದಲ್ಲಿ ಎಷ್ಟೇ ಕಡೆ ಸಿನಿಮಾ ಬಿಡುಗಡೆಯಾಗಲಿ, ಕೆಂಪೇಗೌಡ ರಸ್ತೆಯ ಸುತ್ತಮುತ್ತ ಒಂದು ಥಿಯೇಟರ್ ಅದರ ಮೈನ್. ಕಟೌಟ್ ನಿಲ್ಲುವುದು ಅಲ್ಲಿ. ಹಾರ ಹಾಕುವುದು, ಹಾಲಿನ ಅಭಿಷೇಕ, ಪಟಾಕಿ, ಬ್ಯಾಂಡು, ಎಲ್ಲಾ ಅಲ್ಲೇ. ಶುಕ್ರವಾರ ಬೆಳಿಗ್ಗೆ ಮೊದಲ ಆಟಕ್ಕೆ ಹೀರೋ ಬಂದು ಅಭಿಮಾನಿಗಳ ಜೊತೆ ಕೂರುವುದೂ ಅಲ್ಲೇ. ನಿರ್ಮಾಪಕರು ವಾರಕ್ಕೆ ಇಷ್ಟು ಅಂತ ಬಾಡಿಗೆ ಕಟ್ಟಿ ಮೈನ್ ಥಿಯೇಟರ್ ಹಿಡಿಯುತ್ತಿದ್ದರು. ಜನ ಬರಲಿ ಬಿಡಲಿ ಬಾಡಿಗೆ ಬಾಡಿಗೆಯೇ. ನಷ್ಟ ಆಗುತ್ತದೆ ಅಂತ ಗೊತ್ತಿದ್ದೂ ಐವತ್ತು ದಿನ, ನೂರು ದಿನ ಎಳೆದವರು ಇದ್ದಾರೆ, ಪೋಸ್ಟರಿನಲ್ಲಿ ಆ ಸಂಖ್ಯೆ ಹಾಕಿಸುವ ಆಸೆಗೆ. ಹಾಗಾಗಿ "ಶತದಿನೋತ್ಸವ" ಅನ್ನುವ ಪೋಸ್ಟರನ್ನೆಲ್ಲ ನಂಬಬೇಕಾಗಿಲ್ಲ. ಆದರೆ ಮೊದಲ ಶುಕ್ರವಾರದ ಮಧ್ಯಾಹ್ನ ಸುಳ್ಳು ಹೇಳುತ್ತಿರಲಿಲ್ಲ. ಬೆಳಗಿನ ಆಟ ಬಿಟ್ಟಾಗ ಹೊರಗೆ ಬರುವವರ ಮುಖ ನೋಡಲು ಹಂಚಿಕೆದಾರರ ಕಡೆಯವರು ಎದುರಿನ ಟೀ ಅಂಗಡಿಯಲ್ಲಿ ಕೂತಿರುತ್ತಿದ್ದರು. ಜನ ಮಾತಾಡಿಕೊಂಡು ಬಂದರೆ ಒಳ್ಳೇದು, ಬಾಯಿ ಮುಚ್ಚಿಕೊಂಡು ಬೇಗ ಬೇಗ ಗೇಟು ದಾಟಿದರೆ ಮುಗೀತು. 1,400 ಸೀಟಿನ ಥಿಯೇಟರಿನಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸಣ್ಣ ಹಾಲ್ ಇನ್ನೂರು ಜನರಿಗೇ ತುಂಬಿದ ಹಾಗೆ ಕಾಣುತ್ತದೆ. ಕಪಾಲಿಯಲ್ಲಿ ಇನ್ನೂರು ಜನ ಕೂತರೆ ಸಾವಿರದ ಇನ್ನೂರು ಖಾಲಿ ಸೀಟು ಎದ್ದು ಕಾಣುತ್ತಿತ್ತು.

ಕಪಾಲಿ ಅಂದರೆ 'ಓಂ' ನೆನಪಾಗದೆ ಇರಲ್ಲ. 1995ರ ಸಿನಿಮಾ, ಉಪೇಂದ್ರ ನಿರ್ದೇಶನ, ಶಿವರಾಜ್‌ಕುಮಾರ್ ಹೀರೋ. ಕಪಾಲಿಯಲ್ಲಿ ಅದು ಮತ್ತೆ ಮತ್ತೆ ಬಿಡುಗಡೆಯಾಗುತ್ತಲೇ ಇತ್ತು. ಬೇರೆ ಹೊಸ ಸಿನಿಮಾ ಬೇಗ ಬಿದ್ದುಹೋದರೆ ಮುಂದಿನ ವಾರ 'ಓಂ' ಹಾಕಿದರಾಯಿತು, ಜನ ಬಂದೇ ಬರುತ್ತಾರೆ ಅನ್ನುವ ಧೈರ್ಯ. ಇದನ್ನು ಬರೀ ಅಭಿಮಾನ ಅಂತ ಹೇಳಿ ಬಿಡುತ್ತಾರೆ, ಇನ್ನೊಂದು ಕಾರಣವೂ ಇತ್ತು. ಆ ಸಿನಿಮಾ ಟಿವಿಯಲ್ಲಿ ಬಂದಿದ್ದು 2015ರಲ್ಲಿ, ಬಿಡುಗಡೆಯಾಗಿ ಇಪ್ಪತ್ತು ವರ್ಷ ಆದ ಮೇಲೆ. ಅಲ್ಲಿವರೆಗೆ ಸರಿಯಾಗಿ ನೋಡಬೇಕು ಅಂದರೆ ಥಿಯೇಟರಿಗೇ ಹೋಗಬೇಕು. ಹುಟ್ಟುವುದಕ್ಕೆ ಮುಂಚೆ ಬಂದ ಸಿನಿಮಾವನ್ನು ಹುಡುಗರು ದೊಡ್ಡ ಪರದೆಯಲ್ಲಿ ಡೈಲಾಗ್ ಸಮೇತ ಹೇಳಿಕೊಂಡು ನೋಡುತ್ತಿದ್ದರು. ಹಳೇ ಸಿನಿಮಾ ಹೊಸದಾಗಿ ದುಡಿಯುವ ವ್ಯವಸ್ಥೆ ಅದು. ಟಿವಿ, ಆಮೇಲೆ ಮೊಬೈಲು ಬಂದು ಅದು ಕೊನೆಯಾಯಿತು.

ಪ್ರೊಜೆಕ್ಟರ್ ಕೋಣೆಯ ಬಗ್ಗೆ ಒಂದೆರಡು ಮಾತು ಹೇಳಲೇಬೇಕು, ಯಾಕೆಂದರೆ ನನಗೆ ಸಿನಿಮಾ ಹುಚ್ಚು ಹಿಡಿದಿದ್ದು ಅಲ್ಲಿಂದ. ಕಪಾಲಿಯದಲ್ಲ, ನಮ್ಮೂರ ಕಡೆಯ ಒಂದು ಟಾಕೀಸಿನದು. ಅಲ್ಲಿನ ಆಪರೇಟರ್ ನಮ್ಮ ಚಿಕ್ಕಪ್ಪನ ಗೆಳೆಯರು. ಒಂದು ಸಿನಿಮಾ ಅಂದರೆ ತಗಡಿನ ಡಬ್ಬಗಳಲ್ಲಿ ಬರುವ ರೀಲುಗಳು. ಎರಡು ಸಾವಿರ ಅಡಿಯ ಒಂದು ರೀಲು 22 ನಿಮಿಷದಷ್ಟು ಓಡುತ್ತದೆ. ಅದಕ್ಕೇ ಎರಡು ಪ್ರೊಜೆಕ್ಟರು. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಗಬೇಕು, ನೋಡುವವನಿಗೆ ಗೊತ್ತೇ ಆಗಬಾರದು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಚುಕ್ಕೆ ಮಿಂಚಿ ಮಾಯವಾಗುತ್ತದಲ್ಲ, ಅದು ಆಪರೇಟರಿಗೆ ಸೂಚನೆ. ಮೊದಲ ಚುಕ್ಕೆಗೆ ಎರಡನೇ ಮಷೀನಿನ ಮೋಟಾರ್ ಆನ್, ಎರಡನೇ ಚುಕ್ಕೆಗೆ ಬೆಳಕು ಆ ಕಡೆಯಿಂದ ಈ ಕಡೆಗೆ. ನಡುವೆ ಕೆಲವೇ ಸೆಕೆಂಡು. ಅವರು ಒಂದು ಕೈಯಲ್ಲಿ ಬೀಡಿ ಹಿಡಿದುಕೊಂಡು, ನನ್ನ ಜೊತೆ ಮಾತಾಡುತ್ತಲೇ, ಕಿಂಡಿಯಲ್ಲಿ ಅರೆಗಣ್ಣು ಇಟ್ಟು ಆ ಕೆಲಸ ಮಾಡುತ್ತಿದ್ದರು. ಬೆಳಕು ಅಂದರೆ ಬಲ್ಬಲ್ಲ, ಕಾರ್ಬನ್ ಕಡ್ಡಿ. ಎರಡು ಕಡ್ಡಿಗಳ ತುದಿ ನಡುವೆ ಉರಿಯುವ ಬೆಂಕಿ. ಕಡ್ಡಿ ಸವೆದಂತೆ ಹತ್ತಿರ ಸರಿಸುತ್ತಾ ಇರಬೇಕು, ಇಲ್ಲದಿದ್ದರೆ ಪರದೆ ಮೇಲೆ ಹೀರೋಯಿನ್ ಮುಖ ಕಪ್ಪಾಗಿ ಕೆಳಗಿನಿಂದ ಶಿಳ್ಳೆ, ಬೈಗುಳ ಶುರು. ಆಮೇಲೆ ಆ ಚುಕ್ಕೆ ನನಗೆ ಎಲ್ಲೇ ಸಿನಿಮಾ ನೋಡಿದರೂ ಕಾಣುತ್ತಿತ್ತು. ಕಪಾಲಿಯ ಪರದೆಯಲ್ಲಿ ಅದು ಇನ್ನೂ ದೊಡ್ಡದು, ಮಾವನಿಗೆ ಹೇಳಿದರೆ "ಸುಮ್ನೆ ಸಿನಿಮಾ ನೋಡೋ" ಅಂತ ಗದರಿದರು.

ಹಾಗಾದರೆ ಕಪಾಲಿ ಹೋಗಿದ್ದು ಯಾಕೆ? ಮಲ್ಟಿಪ್ಲೆಕ್ಸ್ ಬಂತು, ಥಿಯೇಟರ್ ಸತ್ತಿತು ಅನ್ನುವುದು ಸುಲಭದ ಉತ್ತರ. ಅದು ನಿಜವೂ ಹೌದು. ಕೋರಮಂಗಲದ ಫೋರಂ ಮಾಲ್‌ನಲ್ಲಿ 2004ರಲ್ಲಿ ಪಿವಿಆರ್ 11 ಪರದೆ ತೆರೆಯಿತು. ಅದು ಹಿಂದಿ ಇಂಗ್ಲಿಷ್ ನೋಡುವವರ ಜಾಗ, ನಮ್ಮವರು ಹೋಗಲ್ಲ ಅಂತ ಗಾಂಧಿನಗರದಲ್ಲಿ ಮಾತಾಡಿಕೊಳ್ಳುತ್ತಿದ್ದರು. 2006ರ ಕೊನೆಗೆ ಬಂದ 'ಮುಂಗಾರು ಮಳೆ' ಅಲ್ಲೇ ಒಂದು ವರ್ಷಕ್ಕೂ ಜಾಸ್ತಿ ಓಡಿ ಆ ಮಾತನ್ನು ಮುಗಿಸಿತು.

ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಡಬ್ಬ ಹೋಗಿದ್ದು. ರೀಲಿನ ಕಾಲದಲ್ಲಿ ಒಂದೊಂದು ಪ್ರಿಂಟಿಗೂ ದುಡ್ಡು ಸುರಿಯಬೇಕಿತ್ತು. ಹಾಗಾಗಿ ಪ್ರಿಂಟು ಕಡಿಮೆ, ಥಿಯೇಟರ್ ಕಡಿಮೆ. ಹೊಸ ಸಿನಿಮಾ ನೋಡಬೇಕಾದವನು ಮೈನ್ ಥಿಯೇಟರಿಗೆ ಬರಬೇಕು, ಇಲ್ಲ ತನ್ನ ಊರಿನ ಟಾಕೀಸಿಗೆ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಡಿಜಿಟಲ್ ಬಂದ ಮೇಲೆ ಒಂದೇ ಶುಕ್ರವಾರ ರಾಜ್ಯದ ತುಂಬ ಬಿಡುಗಡೆ. ಎರಡು ವಾರದಲ್ಲಿ ಬರಬೇಕಾದ ದುಡ್ಡು ಬಂದಾಯಿತು. ಕುಣಿಗಲ್‌ನವನು ಕುಣಿಗಲ್‌ನಲ್ಲೇ ಅದೇ ದಿನ ನೋಡುವಾಗ ಮೆಜೆಸ್ಟಿಕ್‌ಗೆ ಯಾಕೆ ಬರುತ್ತಾನೆ? ಒಂದೇ ಸಿನಿಮಾಕ್ಕೆ ದಿನಕ್ಕೆ ನಾಲ್ಕು ಸಲ 1,400 ಜನ ಬೇಕು ಅನ್ನುವ ಕಟ್ಟಡಕ್ಕೆ ಕೆಲಸವೇ ಇಲ್ಲದ ಹಾಗಾಯಿತು.

ಅದರ ಮೇಲೆ 2017ರ ಜುಲೈನಲ್ಲಿ ಜಿಎಸ್‌ಟಿ. ಅಲ್ಲಿವರೆಗೆ ಕನ್ನಡ ಸಿನಿಮಾಕ್ಕೆ ಕರ್ನಾಟಕದಲ್ಲಿ ಮನರಂಜನಾ ತೆರಿಗೆ ವಿನಾಯಿತಿ ಇತ್ತು. ಆಗ 100 ರೂಪಾಯಿವರೆಗಿನ ಟಿಕೆಟ್ಟಿಗೆ 18%, ಅದಕ್ಕಿಂತ ಮೇಲೆ 28% ಬಿತ್ತು. ಮತ್ತೆ ಆ ಜಾಗದ ಬೆಲೆ. ಬಸ್ ಸ್ಟ್ಯಾಂಡು, ರೈಲು, ಮೆಟ್ರೋ ಮೂರೂ ಸೇರುವ ಕಡೆ ಅಷ್ಟು ದೊಡ್ಡ ನೆಲ ಇಟ್ಟುಕೊಂಡು ಖಾಲಿ ಸೀಟಿಗೆ ಸಿನಿಮಾ ತೋರಿಸಿ ಅಂತ ಮಾಲೀಕರಿಗೆ ಹೇಳಲು ನಮಗೇನು ಹಕ್ಕಿದೆ? ನಾನೇ ಕೊನೆಯ ವರ್ಷಗಳಲ್ಲಿ ಮನೆ ಹತ್ತಿರದ ಮಾಲಿಗೆ ಹೋಗುತ್ತಿದ್ದೆ. ಪಾರ್ಕಿಂಗ್ ಇತ್ತು, ಟಾಯ್ಲೆಟ್ ಚೆನ್ನಾಗಿತ್ತು, ಹೆಂಡತಿ ಮಕ್ಕಳನ್ನು ಸೆಕೆಂಡ್ ಶೋ ಮುಗಿಸಿ ಕರೆದುಕೊಂಡು ಬರಲು ಯೋಚನೆ ಮಾಡಬೇಕಾಗಿರಲಿಲ್ಲ. ಆ ಕಾಲದ ಹೊಗಳಿಕೆಯಲ್ಲಿ ನಾವು ಇಂಥದ್ದನ್ನೆಲ್ಲ ಬಿಟ್ಟುಬಿಡುತ್ತೇವೆ, ಅಲ್ವಾ? ಆಗಿನ ಥಿಯೇಟರುಗಳಿಗೆ ಒಬ್ಬಳೇ ಹೆಣ್ಣುಮಗಳು ಧೈರ್ಯವಾಗಿ ಹೋಗುತ್ತಿದ್ದಳಾ ಅಂತ ನಮ್ಮ ಅತ್ತೆಯನ್ನು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

2017ರ ಅಕ್ಟೋಬರ್‌ನಲ್ಲಿ ಕಪಾಲಿ ಮುಚ್ಚಿತು. ಕೊನೆಗೆ ಓಡಿದ್ದು 'ಹುಲಿರಾಯ' ಅನ್ನುವ ಕನ್ನಡ ಸಿನಿಮಾ. ದೊಡ್ಡ ಸ್ಟಾರ್ ಸಿನಿಮಾ ಅಲ್ಲ. ಸುದ್ದಿ ಹರಡಿದ ಮೇಲೆ ಜನ ಬಂದು ಗೇಟಿನ ಮುಂದೆ ಸೆಲ್ಫಿ ತೆಗೆದುಕೊಂಡರು. ಅದರ ಅರ್ಧದಷ್ಟು ಜನ ಟಿಕೆಟ್ ತಗೊಂಡಿದ್ದರೆ ಆ ಸಿನಿಮಾದವರಿಗಾದರೂ ಒಳ್ಳೆಯದಾಗುತ್ತಿತ್ತು.

ಸಾಗರ್ ಇಲ್ಲ, ಕೆಂಪೇಗೌಡ ಇಲ್ಲ, ಹಿಮಾಲಯ ಇಲ್ಲ, ಅಲಂಕಾರ್ ಅಂಗಡಿಗಳ ಕಾಂಪ್ಲೆಕ್ಸ್ ಆಗಿ ಯಾವುದೋ ಕಾಲವಾಯಿತು. ಕಪಾಲಿಯ ಜಾಗದಲ್ಲಿ ಕಪಾಲಿ ಹೆಸರಿನದೇ ಮಾಲ್. ಅದರಲ್ಲಿ ತೆಲುಗು ನಟ ಮಹೇಶ್ ಬಾಬು ಪಾಲುದಾರರಾಗಿರುವ ಎಎಂಬಿ ಮಲ್ಟಿಪ್ಲೆಕ್ಸ್. ಹೆಸರು ಉಳಿಸಿಕೊಂಡಿದ್ದಕ್ಕೆ ಖುಷಿ. ಸಿನಿಮಾ ತೋರಿಸುವ ಜಾಗ ಸಿನಿಮಾ ತೋರಿಸುವ ಜಾಗವಾಗೇ ಉಳಿಯಿತು, ಇದು ಸಾಗರ್‌ಗೆ ಸಿಗದ ಭಾಗ್ಯ. ಪರದೆ, ಸೌಂಡು ಎಲ್ಲ ಹಳೆಯದಕ್ಕಿಂತ ಎಷ್ಟೋ ಪಾಲು ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿ ಯಾವ ಸಿನಿಮಾ ಗೆಲ್ಲುತ್ತಿದೆ ಅಂತ ರಸ್ತೆಯಲ್ಲಿ ನಿಂತವನಿಗೆ ಗೊತ್ತಾಗುವುದಿಲ್ಲ. ಸಾಲಿಲ್ಲ, ಹೌಸ್‌ಫುಲ್ ಬೋರ್ಡಿಲ್ಲ, ಒಂದೇ ಲಿಫ್ಟಿನಲ್ಲಿ ಹಿಟ್ ಸಿನಿಮಾದವರೂ ಫ್ಲಾಪ್ ಸಿನಿಮಾದವರೂ ಒಟ್ಟಿಗೆ ಇಳಿಯುತ್ತಾರೆ. ಈಗ ನೂರು ಕೋಟಿ, ಇನ್ನೂರು ಕೋಟಿ ಅಂತ ನಿರ್ಮಾಪಕರು ಹೇಳಿದ್ದನ್ನು ನಾವು ಫೋನಿನಲ್ಲಿ ಓದುತ್ತೇವೆ. ನಂಬುವುದು ಬಿಡುವುದು ನಮಗೆ ಬಿಟ್ಟದ್ದು.

ಇನ್ನೊಂದು ವಿಷಯ. ಕಪಾಲಿಯ ಫೋಟೋ ಹುಡುಕಿದರೆ ಸಿಗುವುದೆಲ್ಲ ಹೊರಗಿನದೇ. ಕಟೌಟು, ಹಾರ, ಗೇಟು, ಕೆಡವುವಾಗಿನ ಜೆಸಿಬಿ. ಒಳಗಿನ ಆ ಬಾಗಿದ ಪರದೆ, ಬಾಲ್ಕನಿ, ಪ್ರೊಜೆಕ್ಟರ್ ಕೋಣೆ, ಇವುಗಳ ಒಳ್ಳೆಯ ಫೋಟೋ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಸಿನಿಮಾ ಶುರುವಾದ ಮೇಲೆ ಯಾರೂ ಗೋಡೆಯ ಫೋಟೋ ತೆಗೆಯಲ್ಲ, ಸರಿ. ಆದರೆ ಅಲ್ಲಿ ದುಡಿದವರ ಮನೆಗಳಲ್ಲಿ, ಆಯುಧಪೂಜೆ ದಿನ ಪ್ರೊಜೆಕ್ಟರಿಗೆ ಹೂವು ಹಾಕಿ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೋ ಇರಬಹುದು ಅಂತ ನನಗೊಂದು ಆಸೆ. ಉಳಿದ ಥಿಯೇಟರುಗಳಲ್ಲಿ ಇಂಥ ಫೋಟೋ ನೋಡಿದ್ದೇನೆ. ನಿಮ್ಮ ತಾತನೋ ದೊಡ್ಡಪ್ಪನೋ ಅಲ್ಲಿ ಗೇಟ್ ಕೀಪರ್, ಆಪರೇಟರ್, ಕ್ಯಾಂಟೀನಿನವರು ಆಗಿದ್ದರೆ ಒಂದು ಸಲ ಹಳೇ ಆಲ್ಬಮ್ ತೆಗೆದು ನೋಡಿ. ಸಿಕ್ಕರೆ ಮೊದಲು ಸ್ಕ್ಯಾನ್ ಮಾಡಿಸಿ, ಹಿಂದುಗಡೆ ಇಸವಿ ಬರೆದಿದ್ದರೆ ಅದನ್ನೂ ಸೇರಿಸಿ.